ಕರಿದ ಎಣ್ಣೆ ಏನ್ಮಾಡ್ಲಿ? (ಅಡುಗೆಮನೆ ಪ್ರಶ್ನೋತ್ತರ)

ದೀಪಾವಳಿ ಆದ್ಮೇಲೆ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ರಾಶಿ ಹಾಕ್ಕೊಂಡು ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಜನ ಕೇಳಿರೋದು ಒಂದೇ, ಬಾಣಲೇಲಿ ಉಳಿದ ಎಣ್ಣೆ ವಿಷ್ಯ. ಹಾಗಾಗಿ ಈ ಸಲ ಪೂರ್ತಿ ಪುಟ ಅದಕ್ಕೇ ಬಿಟ್ಟಿದೀನಿ. ಮೊಸರು ಹುಳಿ ಬರೋದು, ಇಡ್ಲಿ ಗಟ್ಟಿ ಆಗೋದು ಕೇಳಿದವ್ರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಂಚಿಕೇಲಿ ಉತ್ತರ ಕೊಡ್ತೀನಿ.

ಪ್ರಶ್ನೆ: ಮೇಡಂ, ಹಬ್ಬಕ್ಕೆ ಚಕ್ಲಿ, ನಿಪ್ಪಟ್ಟು, ಕೊನೇಲಿ ಕಜ್ಜಾಯ ಎಲ್ಲಾ ಒಂದೇ ಎಣ್ಣೇಲಿ ಕರಿದ್ವಿ. ಈಗ ಮುಕ್ಕಾಲು ಲೀಟರ್ ಕಪ್ಪಗೆ ಉಳ್ಕೊಂಡಿದೆ. ಅತ್ತೆ "ಚೆಲ್ಲೋಕೆ ಅದೇನು ನಲ್ಲಿ ನೀರಾ, ಒಗ್ಗರಣೆಗೆ ಆಗುತ್ತೆ ಇಡು" ಅಂತಾರೆ. ಮಗಳು "ತಿಂದ್ರೆ ಕ್ಯಾನ್ಸರ್ ಬರುತ್ತೆ" ಅಂತ ಹೆದರಿಸ್ತಾಳೆ. ಯಾರ ಮಾತು ಕೇಳ್ಲಿ?
(ಗೃಹಿಣಿ, ತುಮಕೂರು)

ಉತ್ತರ: ಇಬ್ರ ಮಾತಲ್ಲೂ ಅರ್ಧರ್ಧ ನಿಜ ಇದೆ. ಮೊದಲು ನಿಮ್ಮ ಎಣ್ಣೆ ಏನೇನು ಅನುಭವಿಸಿದೆ ನೋಡಿ. ಚಕ್ಲಿ ಹಿಟ್ಟು ಗಟ್ಟಿ, ಎಣ್ಣೇಲಿ ಪುಡಿ ಉದುರೋದು ಕಮ್ಮಿ, ಅಲ್ಲಿ ತನಕ ಎಣ್ಣೆ ಚೆನ್ನಾಗೇ ಇರುತ್ತೆ. ನಿಪ್ಪಟ್ಟು ಬಂತು ಅಂದ್ರೆ ಕಡ್ಲೆಬೀಜದ ಚೂರು, ಕರಿಬೇವು, ಖಾರದಪುಡಿ ಎಲ್ಲಾ ತಳಕ್ಕೆ ಹೋಗಿ ಸೀದು ಕೂರುತ್ತೆ. ಕಜ್ಜಾಯ ಎಲ್ಲಕ್ಕಿಂತ ಕಷ್ಟ, ಬೆಲ್ಲ ಎಣ್ಣೆಗೆ ಇಳಿದು ತಳದಲ್ಲಿ ಕರ್ರಗೆ ಅಂಟುತ್ತೆ, ನೊರೆ ಎದ್ದು ಬಾಣಲೆ ಅಂಚಿನ ತನಕ ಬರುತ್ತೆ. ಕಜ್ಜಾಯ ಕೊನೇಲಿ ಮಾಡಿದ್ದು ಮಾತ್ರ ಜಾಣತನ, ಮೊದಲೇ ಮಾಡಿದ್ರೆ ಚಕ್ಲಿಗೂ ಆ ಬಣ್ಣ ಹತ್ತೋದು.

ಒಳಗೆ ಏನಾಗುತ್ತೆ ಅಂತ ಸ್ವಲ್ಪ ಹೇಳ್ಬಿಡ್ತೀನಿ, ಇದು ತಿಳಿದ್ರೆ ಮಿಕ್ಕಿದ್ದೆಲ್ಲಾ ನೀವೇ ಲೆಕ್ಕ ಹಾಕ್ಕೋಬಹುದು. ಕರಿಯೋವಾಗ ಹಿಟ್ಟಲ್ಲಿರೋ ನೀರು ಬುಸ್ ಅಂತ ಆವಿಯಾಗಿ ಎಣ್ಣೆ ಒಳಗಿಂದಾನೇ ಮೇಲೆ ಬರ್ಬೇಕಲ್ಲ, ಆ ನೀರು ಎಣ್ಣೇನ ಒಡೆದು ಕೊಬ್ಬಿನ ಆಮ್ಲಗಳನ್ನ ಬಿಡಿಸುತ್ತೆ, ಅವು ಜಾಸ್ತಿ ಆದಷ್ಟೂ ಎಣ್ಣೆ ಬೇಗ ಹೊಗೆ ಬಿಡೋಕೆ ಶುರು ಮಾಡುತ್ತೆ. ಮೇಲ್ಗಡೆಯಿಂದ ಗಾಳಿ ಸೇರುತ್ತೆ, ಅದ್ರಿಂದ ಕಮಟು ವಾಸನೆ. ಮೂರನೇದು ಬಿಸಿ. ಕಾದು ಕಾದು ಎಣ್ಣೆ ಕಣಗಳು ಒಂದಕ್ಕೊಂದು ಅಂಟ್ಕೊಂಡು ದಪ್ಪ ಆಗುತ್ವೆ. ಬಾಣಲೆ ಅಂಚಲ್ಲಿ ಕಂದು ಬಣ್ಣಕ್ಕೆ ವಾರ್ನಿಶ್ ಥರ ಹಿಡ್ಕೊಂಡು ಎಷ್ಟು ತಿಕ್ಕಿದ್ರೂ ಹೋಗಲ್ವಲ್ಲ, ಅದೇ ಇದು.

ಈಗ ನಿಮ್ಮ ಎಣ್ಣೆ ಪರೀಕ್ಷೆ ಮಾಡಿ. ತಣ್ಣಗಾದ ಎಣ್ಣೆ ಒಂದು ತೊಟ್ಟು ಬೆರಳಿಗೆ ತಗೊಂಡು ಉಜ್ಜಿ, ನುಣ್ಣಗೆ ಜಾರಬೇಕು, ಅಂಟಂಟು ಅನ್ಸಿದ್ರೆ ಅದರ ಆಯಸ್ಸು ಮುಗೀತು. ಆಮೇಲೆ ಸ್ವಲ್ಪ ಕಾಯಿಸಿ ಒಂದು ಚೂರು ಹಪ್ಪಳ ಹಾಕಿ. ಒಳ್ಳೆ ಎಣ್ಣೇಲಿ ದೊಡ್ಡ ದೊಡ್ಡ ಗುಳ್ಳೆ ಬಂದು ಪಟಪಟ ಒಡೆದು ಹೋಗುತ್ತೆ, ಹಾಳಾದ ಎಣ್ಣೇಲಿ ಸೋಪಿನ ನೊರೆ ಥರ ಸಣ್ಣ ಗುಳ್ಳೆ ಎದ್ದು ಇಳಿಯೋದೇ ಇಲ್ಲ. ಹಪ್ಪಳ ಅರಳೋ ಮುಂಚೆ ಹೊಗೆ ಬಂದ್ರೂ ಬೇಡ. ಬಣ್ಣ ಒಂದನ್ನೇ ನೋಡಿ ತೀರ್ಮಾನ ಮಾಡ್ಬೇಡಿ, ಬೆಲ್ಲದಿಂದ ಕಪ್ಪಾಗಿರಬಹುದು, ಅದೇ ಥರ ಪೂರಿ ಕರಿದ ಎಣ್ಣೆ ನೋಡೋಕೆ ತಿಳಿಯಾಗಿದ್ರೂ ಒಳಗೆ ಹಾಳಾಗಿರಬಹುದು.

ಪಾಸಾದ್ರೆ ಸೋಸಿಟ್ಟು ಒಂದೆರಡು ದಿನದಲ್ಲಿ ಒಗ್ಗರಣೆಗೆ, ಪಲ್ಯಕ್ಕೆ ಖರ್ಚು ಮಾಡಿ, ಮತ್ತೆ ಕರಿಯೋಕೆ ಮಾತ್ರ ಬೇಡ. ಆದ್ರೆ ಮುಕ್ಕಾಲು ಲೀಟರ್ ಎಣ್ಣೆ ಎರಡು ದಿನದಲ್ಲಿ ಯಾವ ಮನೇಲಿ ಖಾಲಿ ಆಗುತ್ತೆ ಹೇಳಿ? ನಾವು ಮೊದಲೇ ಬಾಣಲೆ ತುಂಬ ಸುರೀತೀವಿ, ಅಲ್ಲೇ ಕೈ ಬಿಗಿ ಮಾಡ್ಬೇಕು. ಅಗಲದ ಬಾಣಲೆ ಬಿಟ್ಟು ತಳ ಕಿರಿದಾದ ಆಳದ ಬಾಣಲೆ ಇಡಿ, ಒಂದೂವರೆ ಲೋಟ ಎಣ್ಣೇಲಿ ಒಂದೊಂದೇ ಪೂರಿ ಆರಾಮಾಗಿ ಉಬ್ಬುತ್ತೆ, ಹೊತ್ತು ಸ್ವಲ್ಪ ಜಾಸ್ತಿ ಹಿಡಿಯುತ್ತೆ ಅಷ್ಟೇ. ಕಮ್ಮಿ ಆದಾಗ ಮೇಲೆ ಹಾಕ್ಕೊಳ್ಳಿ.

ಮಗಳಿಗೆ ಹೇಳಿ, ಒಂದು ಒಗ್ಗರಣೆ ತಿಂದ್ರೆ ಕ್ಯಾನ್ಸರ್ ಬರಲ್ಲ. ಚಿಂತೆ ಮಾಡ್ಬೇಕಾಗಿರೋದು ಅದೇ ಎಣ್ಣೆ ಮತ್ತೆ ಮತ್ತೆ ಕಾಯಿಸಿ ವರ್ಷಗಟ್ಟಲೆ ತಿನ್ನೋ ಅಭ್ಯಾಸದ ಬಗ್ಗೆ, ಅದು ಹೃದಯಕ್ಕೂ ಒಳ್ಳೇದಲ್ಲ. ಹೊಗೆ ಬರೋ ಎಣ್ಣೆ ಮುಂದೆ ನಿಂತಾಗ ಕಣ್ಣು ಉರಿಯುತ್ತಲ್ಲ, ಎಣ್ಣೆ ಒಡೆದು ಅಕ್ರೋಲಿನ್ ಅನ್ನೋ ಅನಿಲ ಬರ್ತಿರೋದು ಅದಕ್ಕೆ ಕಾರಣ, ತಿನ್ನೋರಿಗಿಂತ ಮೊದಲು ಕರಿಯೋರಿಗೇ ಅದರ ಪೆಟ್ಟು.

ಪ್ರಶ್ನೆ: ಅಕ್ಕಾರ, ನಮ್ಮ ಮನ್ಯಾಗ ವಾರಕ್ಕೊಮ್ಮೆ ಮಿರ್ಚಿ ಭಜಿ ಆಗಬೇಕ್ರಿ, ಇಲ್ಲಂದ್ರ ಮಕ್ಕಳು ಬಿಡಂಗಿಲ್ಲ. ಉಳಿದ ಶೇಂಗಾ ಎಣ್ಣಿ ಮುಚ್ಚಿಟ್ಟು ಮುಂದಿನ ವಾರಕ್ಕ ಅದನ್ನ ಬಳಸ್ತೀನ್ರಿ. ಒಂದು ಪೇಪರ್‌ನ್ಯಾಗ ಮೂರು ಸಲ ಬಳಸಬಹುದು ಅಂತ ಬರೆದಾರ, ಇನ್ನೊಂದ್ರಾಗ ಎರಡನೇ ಸಲ ಕರೀಲೇಬಾರ್ದು ಅಂತ ಐತಿ. ಯಾವ್ದು ಖರೆ?
(ಓದುಗರು, ಹುಬ್ಬಳ್ಳಿ)

ಉತ್ತರ: ಎರಡೂ ಖರೇನೇ, ಹೇಳಿರೋರು ಬೇರೆ ಬೇರೆ. ಮೂರು ಸಲ ಅನ್ನೋದು ಆಹಾರ ಸುರಕ್ಷತೆ ಪ್ರಾಧಿಕಾರದ್ದು, ಅಂದ್ರೆ ಎಫ್‌ಎಸ್‌ಎಸ್‌ಎಐ. ಅವ್ರ ಕಾನೂನಲ್ಲಿ ಇರೋದು ನಿಜ ಹೇಳ್ಬೇಕಂದ್ರೆ ಸಲದ ಲೆಕ್ಕ ಅಲ್ಲ. ಎಣ್ಣೆ ಒಡೆದು ಹುಟ್ಟೋ ವಸ್ತುಗಳನ್ನೆಲ್ಲಾ ಒಟ್ಟು ಸೇರಿಸಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಅಂತಾರೆ, ಅದು 25 ಪರ್ಸೆಂಟ್ ದಾಟಿದ್ರೆ ಆ ಎಣ್ಣೆ ಬಳಸೋ ಹಾಗಿಲ್ಲ, 2018ರ ಜುಲೈ 1ರಿಂದ ಈ ರೂಲ್ಸ್ ಜಾರಿಯಲ್ಲಿದೆ. ಅದನ್ನ ಅಳೆಯೋಕೆ ಕಡ್ಡಿ ಥರದ ಮೀಟರ್ ಇದೆ, ಬಿಸಿ ಎಣ್ಣೆಗೆ ಅದ್ದಿದ್ರೆ ನಂಬರ್ ತೋರ್ಸುತ್ತೆ, ದೊಡ್ಡ ಹೋಟೆಲ್‌ನವ್ರು ಇಟ್ಕೊಳ್ತಾರೆ. ಮನೇಲಿ ಅದೆಲ್ಲಿ ತರೋದು, ಅದಕ್ಕೇ ಸುಲಭಕ್ಕೆ ಹೆಚ್ಚಂದ್ರೆ ಮೂರು ಸಲ, ಆದಷ್ಟು ಒಂದೇ ಸಲಕ್ಕೆ ಮುಗಿಸಿ ಅಂತ ಅವ್ರು ಹೇಳಿದ್ದು. ಜನ ಮೊದಲರ್ಧ ನೆನಪಿಟ್ಕೊಂಡು ಕೊನೇದನ್ನ ಮರೆತಿದಾರೆ.

ಇನ್ನೊಂದು ಮಾತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯದ್ದು. 2024ರಲ್ಲಿ ಐಸಿಎಂಆರ್ ಜೊತೆ ಸೇರಿ ಅವ್ರು ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಕರಿದ ಎಣ್ಣೆ ಸೋಸಿ ಸಾರು ಪಲ್ಯಕ್ಕೆ ಬಳಸಿ, ಮತ್ತೆ ಕರಿಯೋಕೆ ಬೇಡ, ಒಂದೆರಡು ದಿನದಲ್ಲಿ ಮುಗಿಸಿ ಅಂತ ಸ್ಪಷ್ಟವಾಗಿ ಇದೆ. ಮನೆಗೆ ನಾನು ಇದನ್ನೇ ಒಪ್ತೀನಿ. ಮೇಲೆ ತುಮಕೂರಿನವ್ರಿಗೆ ಹೇಳಿದ್ದೂ ಇದೇ.

ನಿಮ್ಮ ವಿಷಯದಲ್ಲಿ ನಂಗೆ ಎರಡನೇ ಸಲ ಕರಿಯೋದಕ್ಕಿಂತ ನಡುವಿನ ಆ ಒಂದು ವಾರದ್ದೇ ಚಿಂತೆ. ಬೆಳಿಗ್ಗೆ ಪೂರಿ ಮಾಡಿ ಸಂಜೆ ಅದೇ ಎಣ್ಣೇಲಿ ಮಿರ್ಚಿ ಬಿಟ್ರೆ ಅಂಥ ದೊಡ್ಡ ಅಪರಾಧ ಏನಲ್ಲ ಅನ್ಸುತ್ತೆ ನಂಗೆ. ಒಂದ್ಸಲ ಕಾದ ಎಣ್ಣೆ ವಾರಗಟ್ಟಲೆ ಕೂತ್ರೆ ಕೆಡೋ ಕೆಲಸ ಸದ್ದಿಲ್ದೆ ನಡೀತಾನೇ ಇರುತ್ತೆ, ಅದರಲ್ಲೂ ಸೋಸದೆ ಕಡ್ಲೆಹಿಟ್ಟಿನ ಚೂರು ತಳದಲ್ಲೇ ಬಿಟ್ಟು ಮುಚ್ಚಿಟ್ರೆ ಇನ್ನೂ ಬೇಗ. ಭಜಿ ಹಿಟ್ಟಿಗೆ ಸೋಡಾ ಬೇರೆ ಹಾಕಿರ್ತೀರಿ, ಸೋಡಾ ಕ್ಷಾರ, ಎಣ್ಣೇಲಿರೋ ಆಮ್ಲದ ಜೊತೆ ಸೇರಿ ಒಂಚೂರು ಸಾಬೂನೇ ಹುಟ್ಟುತ್ತೆ, ನೊರೆ ಜಾಸ್ತಿ ಆಗೋಕೆ ಅದೂ ಒಂದು ಕಾರಣ. ಹಿಟ್ಟು ಸ್ವಲ್ಪ ಗಟ್ಟಿ ಕಲಸಿ, ಮೆಣಸಿನಕಾಯಿ ಒರೆಸಿ ಅದ್ದಿ, ಉದುರಿದ ಬೂಂದಿ ಕಾಳಿನಂಥ ಚೂರುಗಳನ್ನ ಪ್ರತಿ ಘಾಣ ಆದ್ಮೇಲೂ ಝಾರಿಯಲ್ಲಿ ಎತ್ತಿಬಿಡಿ. ಮುಂದಿನ ವಾರದ ಭಜಿಗೆ ಹೊಸ ಎಣ್ಣಿನೇ ಇರಲಿ, ಮಕ್ಕಳು ತಿನ್ನೋದು.

ಪ್ರಶ್ನೆ: ಹಲಸಿನಕಾಯಿ ಚಿಪ್ಸ್ ಮಾಡಿ ಉಳಿದ ತೆಂಗಿನೆಣ್ಣೆ ತೆಗೆದಿಟ್ಟಿದ್ದೆ. ಹತ್ತು ದಿನ ಬಿಟ್ಟು ಪಲ್ಯಕ್ಕೆ ಹಾಕಿದ್ರೆ ಸಾಬೂನು ನೆಕ್ಕಿದ ಹಾಗೆ ಆಯ್ತು. ತೆಂಗಿನೆಣ್ಣೆ ಹಾಳಾಗುವುದಿಲ್ಲ ಅಂತಾರಲ್ಲ? ಮತ್ತೆ ಮೀನು ಕಾಯಿಸಿದ ಎಣ್ಣೆ ಇಡಬಹುದಾ?
(ಓದುಗರು, ಕುಂದಾಪುರ)

ಉತ್ತರ: ಗಾಳಿಗೆ ತೆಂಗಿನೆಣ್ಣೆ ಅಷ್ಟು ಬೇಗ ಜಗ್ಗಲ್ಲ, ಅದು ನಿಜ, ಸೂರ್ಯಕಾಂತಿಗಿಂತ ಎಷ್ಟೋ ಗಟ್ಟಿ. ಆದ್ರೆ ನೀರಿಗೆ ಸೋಲುತ್ತೆ. ನಿಮ್ಮ ಕಡೆ ಚಿಪ್ಸ್ ಬೇಯ್ತಾ ಇರೋವಾಗ ಉಪ್ಪುನೀರನ್ನ ಸೀದಾ ಎಣ್ಣೆಗೇ ಚಿಮುಕಿಸ್ತಾರಲ್ಲ, ಚಟಪಟ ಅಂತ ಅಡುಗೆಮನೆ ತುಂಬ ಸದ್ದು, ಆ ನೀರಲ್ಲಿ ತೆಂಗಿನೆಣ್ಣೆ ಒಡೆದಾಗ ಲಾರಿಕ್ ಆಮ್ಲ ಬಿಡುಗಡೆ ಆಗುತ್ತೆ, ಸಾಬೂನಿನ ರುಚಿ ಅದರದ್ದೇ. ಚಿಪ್ಸ್ ರುಚಿಗೆ ಆ ಪದ್ಧತೀನೇ ಸರಿ, ನಾನು ಬಿಡಿ ಅನ್ನಲ್ಲ, ಎಣ್ಣೆ ಮಾತ್ರ ಹತ್ತು ದಿನ ಇಡ್ಬೇಡಿ. ಗಾಣದ ತೆಂಗಿನೆಣ್ಣೆ ಸುಮಾರು 175 ಡಿಗ್ರಿ ಹೊತ್ತಿಗೆ ಹೊಗೆ ಬಿಡೋಕೆ ಶುರು ಮಾಡುತ್ತೆ, ಕರಿಯೋ ಬಿಸಿ ಕೂಡ ಹೆಚ್ಚುಕಮ್ಮಿ ಅಷ್ಟೇ ಇರೋದು, ಹಾಗಾಗಿ ಉರಿ ಸ್ವಲ್ಪ ತಗ್ಗಿಸಿಯೇ ಇಟ್ಕೊಳ್ಳಿ.

ಮೀನಿನ ಎಣ್ಣೆ ಇಡೋದೇ ಬೇಡ. ಬಂಗುಡೆ, ಬೂತಾಯಿಯ ಸ್ವಂತ ಕೊಬ್ಬು ಎಣ್ಣೆಗೆ ಇಳಿದಿರುತ್ತೆ, ಅದು ಎಲ್ಲಕ್ಕಿಂತ ಬೇಗ ಕಮಟಾಗೋ ಕೊಬ್ಬು. ಮುಳುಗಿಸಿ ಕರಿಯೋ ಬದ್ಲು ಕಾವಲಿ ಮೇಲೆ ಎರಡು ಚಮಚ ಎಣ್ಣೆ ಹಾಕಿ ಕಾಯಿಸಿದ್ರೆ ಉಳಿಸೋ ಪ್ರಶ್ನೇನೇ ಬರಲ್ಲ, ಮಸಾಲೇನೂ ಮೀನಿಗೇ ಅಂಟಿರುತ್ತೆ.

ಪ್ರಶ್ನೆ: ನಮ್ಮೂರೇ ಎಣ್ಣೆ ಮಿಲ್ಲುಗಳ ಊರು. ಈಗ ಎಲ್ಲಾರೂ ಮರದ ಗಾಣದ ಎಣ್ಣೆ ಅಂತಿದಾರೆ ಅಂತ ನಾವೂ ಕಡ್ಲೆಕಾಯಿ ಎಣ್ಣೆ ತಂದ್ವಿ. ವಡೆ ಹಾಕಿದ್ರೆ ಮೊದಲ್ನೇ ಸಲಾನೇ ನೊರೆ ಉಕ್ಕಿ ಒಲೆ ಮೇಲೆಲ್ಲಾ ಬಂತು. ಕಲಬೆರಕೆ ಇರಬಹುದಾ?
(ಓದುಗರು, ಚಳ್ಳಕೆರೆ)

ಉತ್ತರ: ಚಳ್ಳಕೆರೆಯವ್ರಿಗೆ ನಾನು ಎಣ್ಣೆ ಪಾಠ ಹೇಳೋದಾ! ನೊರೆ ಬಂತು ಅಂದ ಮಾತ್ರಕ್ಕೆ ಕಲಬೆರಕೆ ಅಂತಲ್ಲ. ಗಾಣದ ಎಣ್ಣೇಲಿ ಬೀಜದ ಅಂಟು ಪದಾರ್ಥ, ಸ್ವಲ್ಪ ತೇವ ಹಾಗೇ ಉಳಿದಿರುತ್ತೆ, ರಿಫೈನ್ಡ್ ಎಣ್ಣೇಲಿ ಅದನ್ನ ತೆಗೆದುಬಿಟ್ಟಿರ್ತಾರೆ. ಡಬ್ಬಿ ಅಲ್ಲಾಡಿಸದೆ ಕೆಲವು ದಿನ ಇಟ್ಟು, ತಳದ ಗಸಿ ಬಿಟ್ಟು ಮೇಲಿನ ತಿಳಿ ಬಗ್ಗಿಸ್ಕೊಂಡ್ರೆ ನೊರೆ ಎಷ್ಟೋ ಕಮ್ಮಿ ಆಗುತ್ತೆ. ಬಾಣಲೆ ಅರ್ಧಕ್ಕಿಂತ ಮೇಲೆ ತುಂಬಿಸ್ಬೇಡಿ, ಉಕ್ಕಿ ಬರ್ನರ್ ಮೇಲೆ ಬಿದ್ರೆ ಬೆಂಕಿ ಹತ್ತುತ್ತೆ, ಹಾಗೇನಾದ್ರೂ ಆದ್ರೆ ನೀರು ಎರಚೋದು ಮಾತ್ರ ಮಾಡ್ಬೇಡಿ, ಗ್ಯಾಸ್ ಆಫ್ ಮಾಡಿ ಮೇಲೊಂದು ತಟ್ಟೆ ಮುಚ್ಚಿ.

ಹಳಬರು ಕಾದ ಎಣ್ಣೆಗೆ ಸಣ್ಣ ಹುಣಸೆಹಣ್ಣಿನ ಉಂಡೆ, ಇಲ್ಲಾ ವೀಳ್ಯದೆಲೆ ಹಾಕಿ ತೆಗೀತಿದ್ರು, ನೊರೆ ಅಡಗುತ್ತೆ ಅಂತ. ಹೊಸ ಗಾಣದ ಎಣ್ಣೆಗೆ ಬೇಕಾದ್ರೆ ಮಾಡಿ ನೋಡಿ, ಹಳೇ ಎಣ್ಣೆಗೆ ಮಾಡಿ ನೊರೆ ನಿಂತ್ರೂ ಅದು ಹೊಸದಾಗಲ್ಲ. ನನ್ನ ಪ್ರಕಾರ ಇಷ್ಟು ದುಡ್ಡು ಕೊಟ್ಟ ಗಾಣದ ಎಣ್ಣೆ ಕರಿಯೋಕೆ ಸುರಿಯೋದೇ ನಷ್ಟ, ಅದರ ಘಮ ಬಿಸಿಗೆ ಹಾರಿಹೋಗುತ್ತೆ. ಚಟ್ನಿಪುಡಿ ಜೊತೆ ಹಸಿದಾಗಿ ಕಲಸ್ಕೊಳ್ಳಿ, ಒಗ್ಗರಣೆಗೆ ಹಾಕಿ. ವಡೆಗೆ ರಿಫೈನ್ಡ್ ಕಡ್ಲೆಕಾಯಿ ಎಣ್ಣೆ ಸಾಕು.

ಪ್ರಶ್ನೆ: ಮೇಡಂ, ಕಾರ್ನ್ ಫ್ಲೋರ್ ನೀರಲ್ಲಿ ಕಲಸಿ ಹಳೆ ಎಣ್ಣೆಗೆ ಹಾಕಿದ್ರೆ ಎಣ್ಣೆ ಹೊಸದಾಗುತ್ತೆ ಅಂತ ರೀಲ್ಸ್ ನೋಡ್ದೆ. ನಿಜಾನಾ?
(ಪಿಜಿ ವಾಸಿ, ಬೆಂಗಳೂರು)

ಉತ್ತರ: ತಿಳಿ ಆಗುತ್ತೆ, ಹೊಸದು ಆಗಲ್ಲ. ಸಣ್ಣ ಉರೀಲಿ ಕೈಯಾಡಿಸ್ತಾ ಇದ್ರೆ ಹಿಟ್ಟು ಗಂಟಾಗ್ತಾ ಕರಕಲು ಚೂರುಗಳನ್ನೆಲ್ಲಾ ತನಗೆ ಅಂಟಿಸ್ಕೊಂಡು ಬರುತ್ತೆ, ನೋಡೋಕೆ ಮಜಾನೇ. ಆದ್ರೆ ಒಡೆದ ಎಣ್ಣೆ ಎಣ್ಣೇಲೇ ಕರಗಿರುತ್ತೆ, ಅದು ಯಾವ ಹಿಟ್ಟಿಗೂ ಸಿಗಲ್ಲ. ಒಂದೇ ಸಲ ಕರಿದ ಎಣ್ಣೇನ ಸ್ವಚ್ಛ ಮಾಡೋಕೆ ಸರಿ. ಎಣ್ಣೆ ತಣ್ಣಗಿದ್ದಾಗ್ಲೇ ಹಿಟ್ಟಿನ ನೀರು ಹಾಕ್ಬೇಕು, ಕಾದ ಎಣ್ಣೆಗೆ ಸುರಿದ್ರೆ ಮುಖದ ಮೇಲೆ ಸಿಡಿಯುತ್ತೆ, ರೀಲ್ಸಲ್ಲಿ ಇದನ್ನ ಹೇಳಿರಲ್ಲ. ಸಿಡಿತ ಪೂರ್ತಿ ನಿಲ್ಲೋ ತನಕ ಒಲೆ ಮೇಲಿಟ್ಟು ಆಮೇಲೆ ಸೋಸಿ, ಇಲ್ಲಾಂದ್ರೆ ನೀರಿನಂಶ ಉಳಿದು ಇನ್ನೂ ಬೇಗ ಕೆಡುತ್ತೆ.

ಪ್ರಶ್ನೆ: ಕರಿದ ಎಣ್ಣೆ ಹೇಗೆ ಇಡ್ಬೇಕು? ನಾನು ಕಬ್ಬಿಣದ ಬಾಣಲೆಯಲ್ಲೇ ಮುಚ್ಚಿಟ್ಟು, ಮಾರನೇ ದಿನ ಅದಕ್ಕೆ ಹೊಸ ಎಣ್ಣೆ ಸೇರಿಸ್ತೀನಿ. ಸೂರ್ಯಕಾಂತಿ ಎಣ್ಣೆ ರೇಟು ನೋಡಿದ್ರೆ ಚೆಲ್ಲೋಕೆ ಮನಸ್ಸು ಬರಲ್ಲ.
(ಓದುಗರು, ಶಿವಮೊಗ್ಗ)

ಉತ್ತರ: ರೇಟಿನ ವಿಷ್ಯ ಹೇಳ್ಬೇಡಿ, ನಮ್ಮ ದೇಶ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದಾನೇ ತರೋದು. 2022ರಲ್ಲಿ ಉಕ್ರೇನ್ ಯುದ್ಧ ಶುರು ಆದಾಗ ಸೂರ್ಯಕಾಂತಿ ಎಣ್ಣೆ ಹೇಗೆ ಏರ್ತು ಅಂತ ಎಲ್ಲಾರಿಗೂ ನೆನಪಿದೆ. ಆದ್ರೆ ಅದೇ ಸೂರ್ಯಕಾಂತಿ ಎಣ್ಣೇನೇ ಕಾಯಿಸಿ ಇಡೋಕೆ ಎಲ್ಲಕ್ಕಿಂತ ನಾಜೂಕು, ಗಾಳಿಗೆ ಬೇಗ ಕೆಡುತ್ತೆ, ಕುಸುಬೆ ಎಣ್ಣೆನೂ ಹಾಗೇ. ಕಡ್ಲೆಕಾಯಿ ಎಣ್ಣೆ ಸ್ವಲ್ಪ ತಾಳುತ್ತೆ.

ಕಬ್ಬಿಣದ ಬಾಣಲೆಯಲ್ಲಿ ರಾತ್ರಿ ಬಿಡ್ಬೇಡಿ, ಕಬ್ಬಿಣ ಎಣ್ಣೆ ಕೆಡೋದನ್ನ ಚುರುಕು ಮಾಡುತ್ತೆ, ತಾಮ್ರ ಹಿತ್ತಾಳೆ ಇನ್ನೂ ಜಾಸ್ತಿ. ಕೈಗೆ ತಡೆಯೋಷ್ಟು ಬಿಸಿ ಇಳಿದ ಮೇಲೆ ಸ್ಟೀಲ್ ಜಾಲರಿ ಮೇಲೆ ತೆಳ್ಳನೆ ಹತ್ತಿ ಬಟ್ಟೆ ಹಾಸಿ ಸೋಸಿ, ತಳದ ಕೊನೆ ಎರಡು ಚಮಚ ಗಸಿ ಆಸೆ ಬಿಟ್ಟುಬಿಡಿ. ಸ್ಟೀಲ್ ಡಬ್ಬಿ ಇಲ್ಲಾ ಗಾಜಿನ ಬಾಟಲಿ, ಪೂರ್ತಿ ಒಣಗಿರ್ಬೇಕು, ಸಣ್ಣದಿರ್ಬೇಕು, ಯಾಕಂದ್ರೆ ದೊಡ್ಡ ಡಬ್ಬೀಲಿ ತಳದಲ್ಲಿ ಒಂಚೂರು ಎಣ್ಣೆ ಇದ್ರೆ ಮೇಲೆಲ್ಲಾ ಗಾಳಿ. ಒಲೆ ಪಕ್ಕ ಬೇಡ, ಕಪಾಟಿನ ಕತ್ತಲಲ್ಲಿಡಿ, ಫ್ರಿಜ್ ಆದ್ರೆ ಇನ್ನೂ ಒಳ್ಳೇದು, ಮಬ್ಬಾದ್ರೆ ಗಾಬರಿ ಬೇಡ ಹೊರಗಿಟ್ರೆ ಸರಿಹೋಗುತ್ತೆ. ಬಾಟಲಿ ಮೇಲೆ ಒಂದು ಟೇಪ್ ಅಂಟಿಸಿ ದಿನಾಂಕ, ಏನು ಕರಿದಿದ್ದು ಬರೆದಿಡಿ, ಇಲ್ಲಾಂದ್ರೆ ಈರುಳ್ಳಿ ಬಜ್ಜಿ ಎಣ್ಣೇಲಿ ಹೋಳಿಗೆ ಬೇಯಿಸೋ ಪರಿಸ್ಥಿತಿ ಬರುತ್ತೆ.

ಹೊಸ ಎಣ್ಣೆ ಸೇರಿಸೋದು ಕರೀತಾ ಇರೋವಾಗ ಕಮ್ಮಿ ಆದ್ರೆ ಸರಿ. ನಿನ್ನೆ ಮೊನ್ನೆಯ ಎಣ್ಣೆಗೆ ದಿನಾ ಹೊಸದು ಸುರೀತಾ ಹೋದ್ರೆ ಹಳೇದು ಯಾವತ್ತೂ ಮುಗಿಯಲ್ಲ, ಹೊಸದನ್ನೂ ಬೇಗ ಕೆಡಿಸುತ್ತೆ. ಉಳಿತಾಯ ಅಂತ ಅನ್ಕೊಂಡಿದ್ದೇ ಇಲ್ಲಿ ಖರ್ಚು.

ಪ್ರಶ್ನೆ: ಕರಿದ ಎಣ್ಣೆ ದೇವರ ದೀಪಕ್ಕೆ ಹಾಕಬಹುದೇ?
(ಓದುಗರು, ಮೈಸೂರು)

ಉತ್ತರ: ಶಾಸ್ತ್ರ ನಿಮ್ಮ ಮನೆ ಹಿರಿಯರನ್ನ ಕೇಳಿ, ಹೆಚ್ಚಿನ ಮನೆಗಳಲ್ಲಿ ಮುಸುರೆ ಅಂತ ಹಾಕಲ್ಲ. ಅಡುಗೆಮನೆ ಕಡೆಯಿಂದ ಹೇಳೋದಾದ್ರೆ ಬತ್ತಿ ಬೇಗ ಕರಕಲು ಕಟ್ಟುತ್ತೆ, ಹೊಗೆ, ವಾಸನೆ ಬೇರೆ. ಕರೆಂಟ್ ಹೋದಾಗ ಹಿತ್ತಲಿಗೋ ಜಗಲಿಗೋ ಒಂದು ಹಣತೆ ಹಚ್ಚೋದಕ್ಕೆ ಚೆನ್ನಾಗಿ ಸೋಸಿ ಬಳಸಿ.

ಪ್ರಶ್ನೆ: ಬಳಸೋಕಾಗದ ಎಣ್ಣೇನ ಸಿಂಕಿಗೆ ಹಾಕಿ ಬಿಸಿನೀರು ಬಿಡ್ತೀವಿ. ನಮ್ಮ ಅಪಾರ್ಟ್‌ಮೆಂಟಲ್ಲಿ ಈಚೆಗೆ ಎರಡು ಸಲ ಪೈಪ್ ಕಟ್ಕೊಂಡು ಕೆಳಗಿನ ಮನೆಯವ್ರ ಹತ್ರ ಜಗಳ ಆಯ್ತು. ಬೇರೆ ದಾರಿ ಏನು?
(ಓದುಗರು, ಬೆಂಗಳೂರು)

ಉತ್ತರ: ಬಿಸಿನೀರು ಎಣ್ಣೇನ ನಿಮ್ಮ ಸಿಂಕಿಂದ ದಾಟಿಸುತ್ತೆ ಅಷ್ಟೇ, ಕೆಳಗೆ ತಣ್ಣಗಾದ ಮೇಲೆ ಪೈಪಿನ ಗೋಡೆಗೆ ಜಿಡ್ಡು ಹಿಡಿದು, ಅದಕ್ಕೆ ಅನ್ನದ ಅಗುಳು, ಟೀ ಸೊಪ್ಪು ಎಲ್ಲಾ ಅಂಟಿ ಗಟ್ಟಿಯಾಗುತ್ತೆ. ಜಗಳದಲ್ಲಿ ಕೆಳಗಿನ ಮನೆಯವ್ರದ್ದೇ ನ್ಯಾಯ ಅನ್ನಿ. ಕಮ್ಮಿ ಇದ್ರೆ ಹಳೇ ಪೇಪರ್, ಮರದ ಹೊಟ್ಟು, ತೆಂಗಿನ ನಾರಿನ ಪುಡಿ ಯಾವುದಕ್ಕಾದ್ರೂ ಹೀರಿಸಿ ಕಸಕ್ಕೆ ಹಾಕಿ. ಬಾಣಲೆ ತೊಳೆಯೋ ಮುಂಚೆ ಒಂದು ಪೇಪರಲ್ಲಿ ಒರೆಸೋ ಅಭ್ಯಾಸ ಕೆಲಸದವ್ರಿಗೂ ಹೇಳಿಕೊಡಿ. ಗಿಡದ ಬುಡಕ್ಕೆ ಸುರೀಬೇಡಿ, ಮಣ್ಣಿಗೆ ನೀರು ಗಾಳಿ ಹೋಗೋದು ನಿಲ್ಲುತ್ತೆ, ಇರುವೆ ಇಲಿ ಬೇರೆ ಬರುತ್ವೆ.

ಜಾಸ್ತಿ ಇದ್ರೆ ಅಪಾರ್ಟ್‌ಮೆಂಟಿನವ್ರೆಲ್ಲಾ ಸೇರಿ ಒಂದು ಕ್ಯಾನ್ ಇಡಿ. ಬಳಸಿದ ಎಣ್ಣೇಲಿ ಬಯೋಡೀಸೆಲ್ ಮಾಡ್ತಾರೆ. ಎಫ್‌ಎಸ್‌ಎಸ್‌ಎಐನವ್ರು 2018ರ ಆಗಸ್ಟಲ್ಲಿ ರೂಕೋ ಅಂತ ಯೋಜನೆ ಶುರು ಮಾಡಿದ್ದು ಇದಕ್ಕೇ, ಸಂಗ್ರಹ ಮಾಡೋ ನೋಂದಾಯಿತ ಸಂಸ್ಥೆಗಳ ಪಟ್ಟಿ ಅವ್ರ ವೆಬ್‌ಸೈಟಲ್ಲೇ ಇದೆ. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಕರಿಯೋಕೆ ಬಳಸೋ ಹೋಟೆಲ್ಲು, ಕುರುಕಲು ತಿಂಡಿ ಫ್ಯಾಕ್ಟರಿಗಳು ಉಳಿದಿದ್ದನ್ನ ಯಾರಿಗೆ ಕೊಟ್ವಿ ಅಂತ ಲೆಕ್ಕ ಇಡ್ಬೇಕು ಅನ್ನೋ ನಿಯಮಾನೂ ಇದೆ. ಮನೆ ಬಾಗಿಲಿಗೆ ಬಂದು ಲೀಟರಿಗೆ ಇಷ್ಟು ಅಂತ ಕೊಂಡ್ಕೊಳ್ಳೋರಿಗೆ ಮಾತ್ರ ವಿಚಾರಿಸದೆ ಕೊಡ್ಬೇಡಿ. ಅದು ಬಣ್ಣ ತಿಳಿ ಮಾಡಿಸ್ಕೊಂಡು ಯಾವುದೋ ಬಾಣಲೆಗೆ ವಾಪಸ್ ಹೋದ್ರೆ ಸಂಜೆ ರಸ್ತೆ ಬದಿ ಬೋಂಡ ತಿನ್ನೋರು ನಾವೇ. ಯಾವ ಸಂಸ್ಥೆ, ರಸೀದಿ ಕೊಡ್ತಾರಾ ಕೇಳಿ.

ಮನೇಲೇ ಸಾಬೂನು ಮಾಡ್ತೀನಿ ಅಂತಲೂ ಕೆಲವ್ರು ಬರೆದಿದಾರೆ. ಆಗುತ್ತೆ, ಪಾತ್ರೆ ಒರೆಸೋಕೆ ಚೆನ್ನಾಗೇ ಬರುತ್ತೆ, ಆದ್ರೆ ಅದಕ್ಕೆ ಕಾಸ್ಟಿಕ್ ಸೋಡಾ ಬೇಕು, ಚರ್ಮ ಸುಡೋ ವಸ್ತು, ಪ್ರತಿ ಎಣ್ಣೆಗೂ ತೂಕದ ಅಳತೆ ಬೇರೆ. ಚಿಕ್ಕ ಮಕ್ಕಳಿರೋ ಮನೇಲಿ ಬೇಡ್ವೇ ಬೇಡ.

ಪ್ರಶ್ನೆ: ಬಾಗಿಲು ಕಿರ್ರ್ ಅನ್ನುತ್ತೆ, ಹಳೇ ಎಣ್ಣೆ ಬಿಡ್ಲಾ?
(ಓದುಗರು, ಹಾಸನ)

ಉತ್ತರ: ಎರಡು ವಾರ ಸುಮ್ನಿರುತ್ತೆ, ಆಮೇಲೆ ಎಣ್ಣೆ ಗಟ್ಟಿಯಾಗಿ ಅಂಟಾಗಿ ಧೂಳು ಹಿಡ್ಕೊಂಡು ಮೊದಲಿಗಿಂತ ಜೋರಾಗಿ ಕಿರ್ರ್ ಅನ್ನುತ್ತೆ. ಹೊಲಿಗೆ ಮಷೀನಿಗೆ ಹಾಕೋ ಎಣ್ಣೆ ಎರಡು ತೊಟ್ಟು ಬಿಡಿ.